ಅಂಕ ಏರಿದರೂ ಸಾವು ಇಳಿಯದ ಹೆರಿಗೆ ಕೊಠಡಿಗಳು: ಉತ್ತರ ಪ್ರದೇಶದ ಒಂದು ಪ್ರಕರಣ ಅಧ್ಯಯನ

ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ನೀಡುವ ವ್ಯವಸ್ಥೆಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ. ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟು, ಸಿಬ್ಬಂದಿ ಅವುಗಳನ್ನು ಮಾಡುತ್ತಿದ್ದಾರೆಯೇ ಎಂದು ಪರಿಶೀಲಿಸಿ, ಅಂಕ ಕೊಟ್ಟು, ಆ ಅಂಕ ವರ್ಷದಿಂದ ವರ್ಷಕ್ಕೆ ಏರುವಂತೆ ನೋಡಿಕೊಂಡರೆ ರೋಗಿಗಳಿಗೆ ಒಳಿತಾಗುತ್ತದೆ ಎಂಬುದೇ ಆ ನಂಬಿಕೆ. ಇದನ್ನು ಪ್ರಶ್ನಿಸುವವರು ಕಡಿಮೆ. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದವರು ಇನ್ನೂ ಕಡಿಮೆ. ಉತ್ತರ ಪ್ರದೇಶದ 24 ಜಿಲ್ಲೆಗಳ 120 ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 2014ರಿಂದ 2016ರವರೆಗೆ ನಡೆದ ‘ಬೆಟರ್‌ಬರ್ತ್’ ಅಧ್ಯಯನ ಆ ಕೆಲಸವನ್ನು ಮಾಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರು ಮತ್ತು ಶಿಶುಗಳನ್ನು ಒಳಗೊಂಡ ಆ ಅಧ್ಯಯನದಲ್ಲಿ, ಮಾಡಬೇಕಾದ ಕ್ರಮಗಳ ಪಟ್ಟಿ (ಚೆಕ್‌ಲಿಸ್ಟ್) ಮತ್ತು ತರಬೇತುದಾರರ ನೆರವಿನಿಂದ, ಹೆರಿಗೆ ಕೊಠಡಿಯ ಸಿಬ್ಬಂದಿಯ ಕೆಲಸ ಎದ್ದು ಕಾಣುವಷ್ಟು ಸುಧಾರಿಸಿತು. ತಾಯಿ ಮಕ್ಕಳ ಸಾವು ನೋವಿನ ಪ್ರಮಾಣ ಮಾತ್ರ ಇದ್ದಲ್ಲೇ ಉಳಿಯಿತು.

ಈ ಫಲಿತಾಂಶವನ್ನು ಸೋಲು ಎಂದು ಬದಿಗಿಟ್ಟವರಿದ್ದಾರೆ. ನನ್ನ ದೃಷ್ಟಿಯಲ್ಲಿ ಭಾರತದ ಆರೋಗ್ಯ ಸೇವೆಯ ಗುಣಮಟ್ಟದ ಬಗ್ಗೆ ನಮಗಿರುವ ಅತ್ಯಂತ ಬೆಲೆಬಾಳುವ ಪಾಠಗಳಲ್ಲಿ ಇದೂ ಒಂದು. ಸುಧಾರಣೆಯ ಸರಪಳಿ ಯಾವ ಕೊಂಡಿಯಲ್ಲಿ ಕಳಚಿತು ಎಂಬುದನ್ನು ಇದು ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಈ ಕಥೆಯ ಮೊದಲ ಅಧ್ಯಾಯ ನಡೆದದ್ದು ಕರ್ನಾಟಕದಲ್ಲಿ ಎಂಬುದರಿಂದ ಕನ್ನಡದ ಓದುಗರಿಗೆ ಇದರಲ್ಲಿ ಇನ್ನೂ ಹತ್ತಿರದ ಆಸಕ್ತಿ ಇರಬೇಕು.

ಹೆರಿಗೆ ಆಸ್ಪತ್ರೆಗೆ ಬಂದ ಬಗೆ

2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆ ಹೆರಿಗೆಯ ಜಾಗವನ್ನೇ ಬದಲಿಸಿತು. ಉತ್ತರ ಪ್ರದೇಶದಂಥ ಹಿಂದುಳಿದ ರಾಜ್ಯಗಳ ಹಳ್ಳಿಯ ಹೆಣ್ಣುಮಗಳು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತರೆ 1400 ರೂಪಾಯಿ ಸಿಗುತ್ತಿತ್ತು, ಕರೆತಂದ ಆಶಾ ಕಾರ್ಯಕರ್ತೆಗೂ ಪ್ರೋತ್ಸಾಹಧನವಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ಶೇ 38.7ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2015-16ರ ಹೊತ್ತಿಗೆ ಆ ಪ್ರಮಾಣ ಶೇ 78.9ಕ್ಕೆ ಮುಟ್ಟಿತು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ದೊಡ್ಡ ಬದಲಾವಣೆ ನಮ್ಮ ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ವಿರಳ. ತಾಯಂದಿರ ಮರಣ ಪ್ರಮಾಣವೂ ಇಳಿಯಿತು. ಆದರೂ 2014-16ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ದೇಶದ ಸರಾಸರಿ 130 ಮತ್ತು ಕರ್ನಾಟಕದ ಸಂಖ್ಯೆ 108 ಇದ್ದಾಗ, ಉತ್ತರಾಖಂಡವನ್ನೂ ಸೇರಿಸಿ ಲೆಕ್ಕ ಹಾಕಿದ ಉತ್ತರ ಪ್ರದೇಶದ ಸಂಖ್ಯೆ 201ರಷ್ಟಿತ್ತು.

ಗರ್ಭಿಣಿಯರು ಆಸ್ಪತ್ರೆಯ ಬಾಗಿಲಿಗೆ ಬಂದಿದ್ದರು. ಒಳಗೆ ಅವರಿಗೆ ಸಿಗುತ್ತಿದ್ದ ಆರೈಕೆ ಎಂಥದು ಎಂಬ ಪ್ರಶ್ನೆ ಆಗ ಮುನ್ನೆಲೆಗೆ ಬಂತು.

ಅದೇ ವೇಳೆಗೆ ವೈದ್ಯಲೋಕದಲ್ಲಿ ಚೆಕ್‌ಲಿಸ್ಟ್ ಬಗ್ಗೆ ದೊಡ್ಡ ಭರವಸೆ ಹುಟ್ಟಿತ್ತು. ಬೋಸ್ಟನ್ನಿನ ಶಸ್ತ್ರವೈದ್ಯ ಅತುಲ್ ಗವಾಂಡೆ ಅವರ ತಂಡ ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಸೇರಿ ರೂಪಿಸಿದ 19 ಅಂಶಗಳ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟನ್ನು ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ, ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೂ ತೊಡಕುಗಳು ಶೇ 11ರಿಂದ ಶೇ 7ಕ್ಕೂ ಇಳಿದವೆಂದು 2009ರಲ್ಲಿ ವರದಿಯಾಯಿತು. ಒಂದು ಹಾಳೆ ಕಾಗದದಿಂದ ಇಷ್ಟೆಲ್ಲ ಸಾಧ್ಯವಾದರೆ ಅದನ್ನು ಹೆರಿಗೆಗೂ ಏಕೆ ತರಬಾರದು ಎಂದು ಆ ತಂಡ ಯೋಚಿಸಿದ್ದು ಸಹಜವಾಗಿತ್ತು.

ಹೀಗೆ ಸಿದ್ಧವಾದ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್‌ನಲ್ಲಿ 29 ಅಂಶಗಳಿದ್ದವು. ಗರ್ಭಿಣಿ ದಾಖಲಾದಾಗ, ಮಗುವನ್ನು ಹೊರದೂಡಲು ತಾಯಿ ಮುಕ್ಕುವ ಹಂತಕ್ಕೆ ಸ್ವಲ್ಪ ಮೊದಲು, ಹೆರಿಗೆಯಾದ ಒಂದು ಗಂಟೆಯೊಳಗೆ ಮತ್ತು ಮನೆಗೆ ಕಳುಹಿಸುವ ಮುನ್ನ, ಹೀಗೆ ನಾಲ್ಕು ಘಟ್ಟಗಳಲ್ಲಿ ನರ್ಸ್ ಒಂದು ಗಳಿಗೆ ನಿಂತು ಪಟ್ಟಿಯನ್ನು ನೋಡಬೇಕು. ರಕ್ತದೊತ್ತಡ ನೋಡಿದ್ದಾಯಿತೇ, ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್ ಬೇಕೇ, ಹೆರಿಗೆ ಸಾಗುವ ಗತಿಯನ್ನು ಗುರುತಿಸುವ ನಕ್ಷೆಯಾದ ಪಾರ್ಟೋಗ್ರಾಫ್ ಶುರುವಾಯಿತೇ, ಆಂಟಿಬಯೋಟಿಕ್ ಬೇಕೇ, ತಾಯಿಯ ಜೊತೆಗೆ ಅವಳಿಗೆ ಬೇಕಾದವರೊಬ್ಬರು ಇದ್ದಾರೆಯೇ, ಮಗು ಹಾಲು ಕುಡಿಯುತ್ತಿದೆಯೇ ಮುಂತಾದವು ಅದರ ಪ್ರಶ್ನೆಗಳು. ಹೆರಿಗೆ ಕೊಠಡಿಯಲ್ಲಿ ಕೆಲಸ ಮಾಡಿದವರಿಗೆ ಇವುಗಳಲ್ಲಿ ಒಂದೂ ಹೊಸದಲ್ಲ. ಹೊಸದಾಗಿದ್ದದ್ದು ಅವುಗಳನ್ನು ಪ್ರತಿ ಹೆರಿಗೆಯಲ್ಲೂ, ಬಿಡದೆ ಮಾಡಬೇಕೆಂಬ ಒತ್ತಾಯ.

ಕರ್ನಾಟಕದ ಮೊದಲ ಪ್ರಯೋಗ

ಈ ಚೆಕ್‌ಲಿಸ್ಟ್‌ನ ಆರಂಭಿಕ ಅಧ್ಯಯನ 2010ರಲ್ಲಿ ಕರ್ನಾಟಕದ ಉಪಜಿಲ್ಲಾ ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರು ಅದರಲ್ಲಿ ಭಾಗಿಯಾಗಿದ್ದರು, ಮುಂದೆ ಉತ್ತರ ಪ್ರದೇಶದ ಅಧ್ಯಯನದಲ್ಲೂ ಜೊತೆಗಿದ್ದರು. ಚೆಕ್‌ಲಿಸ್ಟ್ ಬರುವ ಮೊದಲು 499 ಹೆರಿಗೆ ಸಂದರ್ಭಗಳನ್ನೂ ಬಂದ ನಂತರ 795 ಸಂದರ್ಭಗಳನ್ನೂ ವೀಕ್ಷಕರು ಪಕ್ಕದಲ್ಲೇ ನಿಂತು ದಾಖಲಿಸಿದರು. ಮೊದಲು ಸರಾಸರಿ 29ರಲ್ಲಿ 10 ಕ್ರಮಗಳಷ್ಟೇ ನಡೆಯುತ್ತಿದ್ದವು. ನಂತರ 25 ನಡೆದವು.

ಹತ್ತರಿಂದ ಇಪ್ಪತ್ತೈದಕ್ಕೆ ಏರಿದ ಈ ಸಂಖ್ಯೆ ಜಗತ್ತಿನಾದ್ಯಂತ ಗಮನ ಸೆಳೆಯಿತು, ಸೆಳೆಯಲೇಬೇಕಿತ್ತು. ಹಾಗಿದ್ದೂ ಆ ಅಧ್ಯಯನದ ಮಿತಿಯನ್ನು ಅಂದೇ ಗಟ್ಟಿಯಾಗಿ ಹೇಳಬೇಕಿತ್ತೆಂದು ನನಗನಿಸುತ್ತದೆ. ಅದು ಒಂದೇ ಆಸ್ಪತ್ರೆಯಲ್ಲಿ, ಹೋಲಿಕೆಗೆ ಇನ್ನೊಂದು ಆಸ್ಪತ್ರೆಯಿಲ್ಲದೆ ನಡೆದ ‘ಮೊದಲು–ನಂತರ’ದ ಅಧ್ಯಯನ. ಸಿಬ್ಬಂದಿ ಏನು ಮಾಡುತ್ತಾರೆ ಎಂಬುದನ್ನು ಅಳೆಯಲು ಅದು ರೂಪುಗೊಂಡಿತ್ತು. ತಾಯಿ ಮಗು ಉಳಿದರೇ ಎಂಬ ಪ್ರಶ್ನೆಗೆ ಉತ್ತರಿಸಲು ಅಷ್ಟು ಹೆರಿಗೆಗಳು ಸಾಲುತ್ತಲೂ ಇರಲಿಲ್ಲ. ಆರೋಗ್ಯ ಸೇವೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ಆರೋಗ್ಯ ಸೇವಾ ಸಂಶೋಧಕ ಅವೆದಿಸ್ ಡೊನಬೇಡಿಯನ್ 1966ರಲ್ಲೇ ಹೇಳಿದ್ದರು. ಕಟ್ಟಡ, ಸಿಬ್ಬಂದಿ, ಔಷಧ, ಉಪಕರಣ ಮೊದಲನೆಯದು. ನಡೆಯುವ ಆರೈಕೆ ಎರಡನೆಯದು. ರೋಗಿಗೆ ಕೊನೆಗೆ ಏನಾಯಿತು ಎಂಬುದು ಮೂರನೆಯದು. ಕರ್ನಾಟಕದ ಪ್ರಯೋಗ ಎರಡನೆಯದನ್ನು ಮಾತ್ರ ತೋರಿಸಿತ್ತು. ಮೂರನೆಯದನ್ನು ನೋಡಲು ಅಧ್ಯಯನಕಾರರು ಉತ್ತರ ಪ್ರದೇಶಕ್ಕೆ ಹೋದರು.

ಬೆಟರ್‌ಬರ್ತ್ ನಡೆದ ರೀತಿ

ಪ್ರಾಥಮಿಕ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳು ಹಾಗೂ ಪ್ರಥಮ ರೆಫರಲ್ ಘಟಕಗಳಲ್ಲಿ (ಕೆಳಹಂತದ ಕೇಂದ್ರಗಳು ತೊಡಕಿನ ಪ್ರಕರಣಗಳನ್ನು ಕಳಿಸುವ ಆಸ್ಪತ್ರೆಗಳಲ್ಲಿ) ವರ್ಷಕ್ಕೆ ಕನಿಷ್ಠ ಸಾವಿರ ಹೆರಿಗೆ ನಡೆಸುವಂಥವನ್ನು ಆಯ್ದು, ಹೋಲುವ ಎರಡೆರಡು ಕೇಂದ್ರಗಳ 60 ಜೋಡಿಗಳನ್ನು ಮಾಡಲಾಯಿತು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಚೆಕ್‌ಲಿಸ್ಟ್ ಮತ್ತು ತರಬೇತುದಾರರ ನೆರವು ಸಿಕ್ಕಿತು. ಇನ್ನೊಂದರಲ್ಲಿ ಎಂದಿನ ಆರೈಕೆ ಮುಂದುವರಿಯಿತು. ಯಾವುದಕ್ಕೆ ಯಾವುದು ಎಂಬುದನ್ನು ಲಾಟರಿ ರೀತಿಯಲ್ಲಿ ನಿರ್ಧರಿಸಲಾಯಿತು.

ಇಲ್ಲಿ ಮೆಚ್ಚಬೇಕಾದ ಸಂಗತಿಯೆಂದರೆ ಚೆಕ್‌ಲಿಸ್ಟನ್ನು ಅಂಚೆಯಲ್ಲಿ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ತರಬೇತುದಾರರಾಗಿ ಬಂದವರು ನರ್ಸ್‌ಗಳೇ. ಅವರು ಎಂಟು ತಿಂಗಳ ಕಾಲ, ಆರಂಭದಲ್ಲಿ ಪದೇ ಪದೇ ಮತ್ತು ಬರಬರುತ್ತಾ ಅಪರೂಪಕ್ಕೆ, ಹೆರಿಗೆ ಕೊಠಡಿಗೆ ಬಂದು ಸಹೋದ್ಯೋಗಿಗಳಂತೆ ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ಕುಳಿತು ಮಾತಾಡಿ, ಯಾವ ಕ್ರಮ ಏಕೆ ಬಿಟ್ಟುಹೋಗುತ್ತಿದೆ ಎಂದು ವಿಚಾರಿಸುತ್ತಿದ್ದರು. ಬಿಟ್ಟುಹೋಗಲು ಅವಕಾಶದ ಕೊರತೆ ಕಾರಣವೇ, ತಿಳಿವಳಿಕೆಯದೇ, ಮನಸ್ಸಿನದೇ, ಸಾಮಗ್ರಿಯದೇ ಎಂದು ವಿಂಗಡಿಸಿ ನೋಡುವುದು ಅವರ ಪದ್ಧತಿ. ಕೇಂದ್ರದ ವೈದ್ಯಾಧಿಕಾರಿಯೊಂದಿಗೆ ಮಾತಾಡಲು ಬೇರೆ ಮೇಲ್ವಿಚಾರಕರಿದ್ದರು. ಅದೇ ಸಮಯದಲ್ಲಿ ಯೋಜನೆ ತನ್ನ ಕಡೆಯಿಂದ ಔಷಧಿಯನ್ನಾಗಲಿ, ಉಪಕರಣವನ್ನಾಗಲಿ, ಹೆಚ್ಚುವರಿ ಸಿಬ್ಬಂದಿಯನ್ನಾಗಲಿ ಕೊಡಲಿಲ್ಲ, ತುರ್ತು ಪರಿಸ್ಥಿತಿ ನಿಭಾಯಿಸುವ ಕೌಶಲಗಳಿಗೆ ಪ್ರತ್ಯೇಕ ತರಬೇತಿಯನ್ನೂ ನಡೆಸಲಿಲ್ಲ. ಇರುವ ವ್ಯವಸ್ಥೆಯೊಳಗೇ ಎಷ್ಟು ಸುಧಾರಣೆ ಸಾಧ್ಯ ಎಂದು ನೋಡುವುದು ಉದ್ದೇಶವಾಗಿತ್ತು. ಈ ವಿವರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಫಲಿತಾಂಶ ಅಳೆದ ವಿಧಾನವೂ ಅಷ್ಟೇ ಗಂಭೀರವಾಗಿತ್ತು. ಆಸ್ಪತ್ರೆಯ ದಾಖಲೆ ಪುಸ್ತಕವನ್ನು ನಂಬಿ ಕೂರದೆ, ಹೆರಿಗೆಯಾದ ಮೊದಲ ಏಳು ದಿನಗಳಲ್ಲಿ ತಾಯಿ ಮತ್ತು ಮಗುವಿಗೆ ಏನಾಯಿತೆಂದು ಆ ಅವಧಿ ಮುಗಿದ ಮೇಲೆ ಕುಟುಂಬಕ್ಕೆ ಫೋನ್ ಮಾಡಿ ಕೇಳಿದರು. ಫೋನಿನಲ್ಲಿ ಸಿಗದವರ ಮನೆಗೆ ಹೋದರು. ಹೀಗೆ ಶೇ 99.7ರಷ್ಟು ಕುಟುಂಬಗಳ ಮಾಹಿತಿ ದೊರೆಯಿತು. ಸರ್ಕಾರಿ ಆಸ್ಪತ್ರೆಯಿಂದ ಮನೆಗೆ ಹೋದ ಬಾಣಂತಿಯ ಸುದ್ದಿಯನ್ನು ಇಷ್ಟು ನಿಷ್ಠೆಯಿಂದ ಹಿಂಬಾಲಿಸಿದ ಉದಾಹರಣೆ ನಮ್ಮಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಗರ್ಭದಲ್ಲೇ ಅಥವಾ ಮೊದಲ ವಾರದಲ್ಲಿ ಮಗುವಿನ ಸಾವು, ತಾಯಿಯ ಸಾವು, ತಾಯಿಗೆ ಆದ ತೀವ್ರ ತೊಂದರೆ, ಇವುಗಳಲ್ಲಿ ಯಾವುದಾದರೂ ಒಂದು ಸಂಭವಿಸಿದ್ದರೆ ಅದನ್ನು ಕೆಟ್ಟ ಪರಿಣಾಮವೆಂದು ಎಣಿಸಿದರು.

ಅಧ್ಯಯನ 2017ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಆಯ್ದ ಕೆಲವು ಕೇಂದ್ರಗಳಲ್ಲಿ ಸ್ವತಂತ್ರ ವೀಕ್ಷಕರು 18 ಅಗತ್ಯ ಕ್ರಮಗಳನ್ನು ನೋಡಿದ್ದರು. ತರಬೇತಿ ಆರಂಭವಾಗಿ ಎರಡು ತಿಂಗಳಾದಾಗ ಚೆಕ್‌ಲಿಸ್ಟ್ ಇದ್ದ ಕೇಂದ್ರಗಳಲ್ಲಿ ಶೇ 72.8ರಷ್ಟು ಕ್ರಮಗಳು ಪಾಲನೆಯಾಗುತ್ತಿದ್ದವು, ಇಲ್ಲದ ಕಡೆ ಶೇ 41.7ರಷ್ಟು. ಹನ್ನೆರಡನೆಯ ತಿಂಗಳಲ್ಲಿ, ಅಂದರೆ ತರಬೇತುದಾರರು ಬರುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾದ ಮೇಲೆ, ಈ ಪ್ರಮಾಣ ಶೇ 61.7 ಮತ್ತು ಶೇ 43.9. ಕೆಟ್ಟ ಪರಿಣಾಮದ ಲೆಕ್ಕ ಮಾತ್ರ ಚೆಕ್‌ಲಿಸ್ಟ್ ಇದ್ದ ಕಡೆ ಶೇ 15.1, ಇಲ್ಲದ ಕಡೆ ಶೇ 15.3. ಶಿಶುಗಳ ಸಾವನ್ನು ಬೇರೆಯಾಗಿ ನೋಡಿದರೂ, ತಾಯಂದಿರ ಸಾವನ್ನು ಬೇರೆಯಾಗಿ ನೋಡಿದರೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಕೊಂಡಿ ಕಳಚಿದ್ದು ಎಲ್ಲಿ

ಸುಲಭವಾಗಿ ಸಿಗುವ ವಿವರಣೆ ಪಾಲನೆ ಸಾಲಲಿಲ್ಲ ಎಂಬುದು. ಅದರಲ್ಲಿ ಹುರುಳಿದೆ. ಶೇ 73 ಎಂಬ ಸರಾಸರಿಯ ಹಿಂದೆ ಕೆಲವು ಕ್ರಮಗಳು ಬಹಳ ಚೆನ್ನಾಗಿ ನಡೆದದ್ದೂ, ಕೈತೊಳೆಯುವುದು, ಪಾರ್ಟೋಗ್ರಾಫ್ ತುಂಬುವುದು ಮುಂತಾದವು ಹಿಂದೆ ಬಿದ್ದದ್ದೂ ಅಡಗಿವೆ. ಅಧ್ಯಯನದ ತಂಡವೇ ಮುಂದೆ 3274 ಹೆರಿಗೆಗಳ ಮಾಹಿತಿಯನ್ನು ಮತ್ತೆ ವಿಶ್ಲೇಷಿಸಿದಾಗ, ಪಾಲನೆಯಾದ ಕ್ರಮಗಳ ಸಂಖ್ಯೆ ಹೆಚ್ಚಿದಷ್ಟೂ ಶಿಶುಮರಣ ಕಡಿಮೆಯಾಗಿದ್ದದ್ದು ಕಂಡುಬಂತು. ಇದು ಆಶಾದಾಯಕ. ಆದರೆ ಎಲ್ಲ ಕ್ರಮಗಳನ್ನೂ ಪಾಲಿಸಲು ಸಾಧ್ಯವಾದ ಹೆರಿಗೆ ಮೊದಲಿನಿಂದಲೂ ತೊಡಕಿಲ್ಲದ ಹೆರಿಗೆಯಾಗಿರುವ ಸಂಭವವೂ ಇದೆ. ಉಸಿರಾಡದ ಮಗುವನ್ನು ಎತ್ತಿಕೊಂಡು ಓಡುವ ನರ್ಸ್‌ಗೆ ಮಗುವಿನ ತೂಕ ನೋಡಲಾಗಲಿ, ಉಷ್ಣತೆ ಬರೆಯಲಾಗಲಿ ಬಿಡುವಿರುವುದಿಲ್ಲ. ಆದ್ದರಿಂದ ಈ ವಿಶ್ಲೇಷಣೆಯೊಂದನ್ನೇ ನೆಚ್ಚಿ, ಪಾಲನೆ ಇನ್ನಷ್ಟು ಏರಿದ್ದರೆ ಸಾವು ತಾನಾಗಿ ಇಳಿಯುತ್ತಿತ್ತು ಎಂದು ತೀರ್ಮಾನಿಸಲಾಗದು.

ಉಳಿದ ಕಾರಣವನ್ನು ಹತ್ತಿರದಿಂದ ನೋಡಲು ಚೆಕ್‌ಲಿಸ್ಟ್‌ನ ಎರಡನೇ ಘಟ್ಟದ ಒಂದೇ ಅಂಶ ಸಾಕು. ಮಗು ಹೊರಬರುವ ಮುನ್ನ ಹಾಸಿಗೆಯ ಪಕ್ಕದಲ್ಲಿ ಏನೇನು ಇರಬೇಕೆಂದು ಅಲ್ಲಿ ಬರೆದಿದೆ: ತಾಯಿಗಾಗಿ ಗ್ಲೌಸ್, ಸಾಬೂನು ಮತ್ತು ಶುದ್ಧ ನೀರು ಅಥವಾ ಆಲ್ಕೊಹಾಲ್ ದ್ರಾವಣ, ಸಿರಿಂಜಿನಲ್ಲಿ ತುಂಬಿಟ್ಟ 10 ಯೂನಿಟ್ ಆಕ್ಸಿಟೋಸಿನ್ (ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಔಷಧಿ), ಮಗುವಿಗಾಗಿ ಶುಭ್ರವಾದ ಟವೆಲ್, ಹೊಕ್ಕುಳಬಳ್ಳಿ ಕಟ್ಟುವ ದಾರ ಅಥವಾ ಕ್ಲ್ಯಾಂಪ್, ಸ್ಟೆರೈಲ್ ಬ್ಲೇಡ್, ಕಫ ಎಳೆಯುವ ಸಾಧನ, ಉಸಿರಾಡದ ಮಗುವಿಗೆ ಗಾಳಿ ಕೊಡುವ ಬ್ಯಾಗ್ ಮತ್ತು ಮಾಸ್ಕ್.

ಈ ಪಟ್ಟಿಯ ಆಕ್ಸಿಟೋಸಿನ್ ಮತ್ತು ಬ್ಯಾಗ್–ಮಾಸ್ಕ್‌ಗಳ ನಡುವೆ ಅಗಾಧ ವ್ಯತ್ಯಾಸವಿದೆ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಟ್ಟಿದ್ದು, ಮೊದಲೇ ಸಿರಿಂಜಿನಲ್ಲಿ ಎಳೆದಿಟ್ಟುಕೊಂಡು, ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ಚುಚ್ಚಿದರೆ ಕೆಲಸವಾಯಿತು. ಅದು ಪ್ರತಿ ಹೆರಿಗೆಯಲ್ಲೂ ಮಾಡುವ ಕೆಲಸ, ಸಿಬ್ಬಂದಿಯ ಕೈಗೆ ರೂಢಿಯಾಗುವಂಥದು, ನೆನಪಿಸಿದರೆ ಆಗಿಬಿಡುವಂಥದು. ಬ್ಯಾಗ್–ಮಾಸ್ಕ್ ಹಾಗಲ್ಲ. ಅದು ತಟ್ಟೆಯಲ್ಲಿದೆ ಎಂದು ಗುರುತು ಹಾಕಿದ ಮಾತ್ರಕ್ಕೆ ಮಗು ಉಸಿರಾಡುವುದಿಲ್ಲ. ಒರೆಸಿ, ಬೆಚ್ಚಗೆ ಮಾಡಿ, ಬೆನ್ನು ಸವರಿದ ಮೇಲೂ ಮಗು ಉಸಿರು ಎಳೆಯದಿದ್ದರೆ, ಕುತ್ತಿಗೆಯನ್ನು ಹೆಚ್ಚು ಬಾಗದಂತೆ, ಹೆಚ್ಚು ಹಿಂದಕ್ಕೂ ಹೋಗದಂತೆ ಇಟ್ಟು, ಸರಿಯಾದ ಅಳತೆಯ ಮಾಸ್ಕನ್ನು ಬಾಯಿ ಮತ್ತು ಮೂಗಿನ ಮೇಲೆ ಗಾಳಿ ಸೋರದಂತೆ ಹಿಡಿದು, ಎದೆ ಏರುತ್ತಿದೆಯೇ ಎಂದು ನೋಡುತ್ತಾ ಬ್ಯಾಗನ್ನು ಒತ್ತಬೇಕು. ಇದೆಲ್ಲ ಆರಂಭವಾಗಬೇಕಾದದ್ದು ಹುಟ್ಟಿದ ಮೊದಲ ನಿಮಿಷದಲ್ಲಿ.

ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಮೂರರಿಂದ ಆರು ಮಕ್ಕಳಿಗೆ ಈ ನೆರವು ಬೇಕಾಗುತ್ತದೆ. ವರ್ಷಕ್ಕೆ ಸಾವಿರ ಹೆರಿಗೆ ಆಗುವ ಕೇಂದ್ರದಲ್ಲಿ ಅಂಥ ಮಕ್ಕಳು ಮೂವತ್ತರಿಂದ ಅರವತ್ತು. ಮೂರು ಪಾಳಿಗಳ ಐದಾರು ನರ್ಸ್‌ಗಳು ಅದನ್ನು ಹಂಚಿಕೊಂಡರೆ ಒಬ್ಬರ ಪಾಲಿಗೆ ವರ್ಷದಲ್ಲಿ ಐದರಿಂದ ಹನ್ನೆರಡು ಸಂದರ್ಭಗಳು ಬರುತ್ತವೆ. ಇಷ್ಟು ಅಪರೂಪಕ್ಕೆ ಬರುವ, ಬಂದಾಗ ಒಂದೇ ನಿಮಿಷ ಕೊಡುವ ಕೆಲಸದಲ್ಲಿ ಕೈ ಪಳಗಲು ಗೊಂಬೆಯ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡದೆ ಬೇರೆ ದಾರಿಯಿಲ್ಲ. ಚೆಕ್‌ಲಿಸ್ಟ್ ಮರೆವಿಗೆ ಮದ್ದು. ಗೊತ್ತಿದ್ದೂ ಬಿಟ್ಟುಹೋಗುವ ಕೆಲಸವನ್ನು ಅದು ನೆನಪಿಗೆ ತರುತ್ತದೆ. ಬಾರದ ಕೆಲಸವನ್ನು ಕಲಿಸುವುದಿಲ್ಲ. ಪಟ್ಟಿಯಲ್ಲಿ ಇನ್ನೊಂದು ಸಾಲಿದೆ: ‘ಅಗತ್ಯ ಬಿದ್ದರೆ ನೆರವಾಗಲು ಸಹಾಯಕರನ್ನು ಗುರುತಿಸಿದ್ದೀರಾ?’ ರಾತ್ರಿ ಪಾಳಿಯಲ್ಲಿ ಇಡೀ ಹೆರಿಗೆ ವಿಭಾಗಕ್ಕೆ ಒಬ್ಬರೇ ನರ್ಸ್ ಇರುವ ಕೇಂದ್ರದಲ್ಲಿ ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಏನಾಗಿರುತ್ತದೆ ಎಂಬುದನ್ನು ಊಹಿಸಲು ಯಾರಿಗೂ ಕಷ್ಟವಿಲ್ಲ.

ತಾಯಿಯ ವಿಷಯದಲ್ಲೂ ಹೀಗೆಯೇ. ಆಕ್ಸಿಟೋಸಿನ್ ಕೊಟ್ಟ ಮೇಲೂ ರಕ್ತಸ್ರಾವ ನಿಲ್ಲದ ತಾಯಿಗೆ ಬೇಕಾದದ್ದು ರಕ್ತ, ಮತ್ತೆ ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ಪಾರ್ಟೋಗ್ರಾಫ್ ಗೆರೆ ದಾಟಿತೆಂದು ನರ್ಸ್ ಸರಿಯಾಗಿಯೇ ಗುರುತಿಸಿದರೂ ಸಿಸೇರಿಯನ್ ಮಾಡುವ ವೈದ್ಯರು, ಅರಿವಳಿಕೆ ತಜ್ಞರು ಇರುವ ಆಸ್ಪತ್ರೆ ಎಷ್ಟು ದೂರ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆ, ಅಲ್ಲಿ ಮುಟ್ಟಿದ ಮೇಲೆ ತಕ್ಷಣ ಒಳಗೆ ಸೇರಿಸಿಕೊಳ್ಳುತ್ತಾರೆಯೇ ಎಂಬುದರ ಮೇಲೆ ಮುಂದಿನದು ನಿಂತಿದೆ. ಹೆರಿಗೆ ಕೊಠಡಿಯ ಪ್ರಕ್ರಿಯೆ ಎಷ್ಟು ಅಚ್ಚುಕಟ್ಟಾಗಿದ್ದರೂ ಅದರ ಹಿಂದಿನ ರಚನೆ ಮತ್ತು ಅದರಾಚೆಯ ರೆಫರಲ್ ವ್ಯವಸ್ಥೆ ಬಡವಾಗಿದ್ದರೆ ಫಲ ಬರುವುದಿಲ್ಲ. ಬೆಟರ್‌ಬರ್ತ್ ಆ ಎರಡನ್ನೂ ಇದ್ದ ಹಾಗೆಯೇ ಬಿಟ್ಟು, ನಡುವಿನದನ್ನು ಮಾತ್ರ ಬಲಪಡಿಸಿತ್ತು.

ಈ ಓದಿಗೆ ಪುಷ್ಟಿ ಕೊಡುವ ಅಧ್ಯಯನವೊಂದು ಪೂರ್ವ ಆಫ್ರಿಕಾದಿಂದ ಬಂದಿದೆ. ಕೀನ್ಯಾ ಮತ್ತು ಉಗಾಂಡಾದ 20 ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಗುಂಪುಗಳಿಗೆ ಇದೇ ಚೆಕ್‌ಲಿಸ್ಟ್‌ನ ಪರಿಷ್ಕೃತ ರೂಪವನ್ನೂ ದಾಖಲೆ ಇಡುವ ಕೆಲಸದಲ್ಲಿ ನೆರವನ್ನೂ ಕೊಡಲಾಗಿತ್ತು. ಒಂದು ಗುಂಪಿಗೆ ಹೆಚ್ಚಾಗಿ ಸಿಕ್ಕದ್ದು ತುರ್ತು ಸನ್ನಿವೇಶಗಳನ್ನು ಅಣಕು ಹೆರಿಗೆಯ ಮೂಲಕ ಅಭ್ಯಾಸ ಮಾಡಿಸುವ ತರಬೇತಿ, ಮತ್ತು ಆಸ್ಪತ್ರೆಗಳ ತಂಡಗಳು ಕೂಡಿ ಕುಳಿತು ತಮ್ಮ ತಮ್ಮ ಸಮಸ್ಯೆಗಳಿಗೆ ಪರಿಹಾರ ಹುಡುಕುವ ವ್ಯವಸ್ಥೆ. ಅವಧಿಗೆ ಮುನ್ನ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆರಿಗೆ ವೇಳೆಯ ಹಾಗೂ ಮೊದಲ 28 ದಿನಗಳ ಸಾವು ಈ ಗುಂಪಿನಲ್ಲಿ ಶೇ 15.3, ಚೆಕ್‌ಲಿಸ್ಟ್ ಮತ್ತು ದಾಖಲೆಯ ನೆರವು ಮಾತ್ರ ಪಡೆದ ಗುಂಪಿನಲ್ಲಿ ಶೇ 23.3. ದೇಶ ಬೇರೆ, ಮಕ್ಕಳ ಗುಂಪು ಬೇರೆ, ಆಸ್ಪತ್ರೆಗಳ ಸಂಖ್ಯೆ ಸಣ್ಣದು. ನೇರವಾಗಿ ತೂಗಿ ನೋಡುವಂತಿಲ್ಲ. ಆದರೂ ಚೆಕ್‌ಲಿಸ್ಟ್‌ಗೆ ಕೈಯ ಕೌಶಲ ಮತ್ತು ತಂಡದ ಕೆಲಸ ಸೇರಿದಾಗ ಏನಾಗಬಹುದು ಎಂಬುದರ ಸೂಚನೆ ಇಲ್ಲಿದೆ.

ನಮ್ಮ ಮಾನ್ಯತಾ ವ್ಯವಸ್ಥೆಗೆ ಇದರ ಅರ್ಥ

ಬೆಟರ್‌ಬರ್ತ್ ಫಲಿತಾಂಶ ಹೊರಬಂದ 2017ರ ಡಿಸೆಂಬರ್ ತಿಂಗಳಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ‘ಲಕ್ಷ್ಯ’ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟಿತು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೊಠಡಿ ಮತ್ತು ಪ್ರಸೂತಿ ಶಸ್ತ್ರಚಿಕಿತ್ಸಾ ಕೊಠಡಿಗಳನ್ನು ಸುಧಾರಿಸಿ, 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳ ಅಡಿಯಲ್ಲಿ ಪ್ರಮಾಣಪತ್ರ ಕೊಡಿಸುವುದು ಅದರ ಗುರಿ. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಸಿಬ್ಬಂದಿಗೆ ಇದು ಚಿರಪರಿಚಿತ. ಅಂಕ ಶೇ 70 ದಾಟಿದರೆ ಬೆಳ್ಳಿ, 80 ದಾಟಿದರೆ ಚಿನ್ನ, 90 ದಾಟಿದರೆ ಪ್ಲಾಟಿನಂ ಪದಕ. ಜೊತೆಗೆ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ 6 ಲಕ್ಷ, ಜಿಲ್ಲಾ ಆಸ್ಪತ್ರೆಗೆ 3 ಲಕ್ಷ, ಅದಕ್ಕಿಂತ ಕೆಳಗಿನ ರೆಫರಲ್ ಆಸ್ಪತ್ರೆಗೆ 2 ಲಕ್ಷ ರೂಪಾಯಿ ಪ್ರೋತ್ಸಾಹಧನದ ಅವಕಾಶವನ್ನು ಮಾರ್ಗಸೂಚಿ ಇಟ್ಟಿತ್ತು.

ಈ ಮಾನದಂಡಗಳನ್ನು ಹಗುರವಾಗಿ ಕಾಣುವಂತಿಲ್ಲ. ಸೇವೆಗಳ ಲಭ್ಯತೆ, ರೋಗಿಗಳ ಹಕ್ಕು, ಸಂಪನ್ಮೂಲ, ಪೂರಕ ಸೇವೆ, ಚಿಕಿತ್ಸೆ, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ, ಫಲಿತಾಂಶ ಎಂಬ ಎಂಟು ಕ್ಷೇತ್ರಗಳನ್ನು ಅವು ಆವರಿಸುತ್ತವೆ. ಮೌಲ್ಯಮಾಪಕರು ಕಣ್ಣಾರೆ ನೋಡಿ, ಸಿಬ್ಬಂದಿಯನ್ನು ಮಾತಾಡಿಸಿ, ದಾಖಲೆ ತೆಗೆಸಿ, ರೋಗಿಗಳನ್ನೂ ಕೇಳಿ ಪ್ರತಿ ಅಂಶಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ ಕೊಡುತ್ತಾರೆ. ಹೆರಿಗೆ ಕೊಠಡಿಗೆ ಪರದೆ ಬಂದದ್ದು, ಹೆರುವ ತಾಯಿಯ ಮೇಲೆ ಕೂಗಾಡಬಾರದು, ಕೈಮಾಡಬಾರದು ಎಂಬುದು ಲಿಖಿತ ನಿಯಮವಾದದ್ದು, ಅವಳ ಪಕ್ಕದಲ್ಲಿ ಅಮ್ಮನೋ ಅತ್ತೆಯೋ ನಿಲ್ಲುವುದಕ್ಕೆ ಅವಕಾಶ ಸಿಕ್ಕಿದ್ದು ಇಂಥ ಪ್ರಯತ್ನಗಳಿಂದಲೇ. ಮರಣ ಪ್ರಮಾಣ ಇಳಿಯದಿದ್ದರೂ ಇವು ತಮ್ಮಷ್ಟಕ್ಕೇ ಬೆಲೆಯುಳ್ಳವು. ಲಕ್ಷ್ಯದ ಮಾರ್ಗಸೂಚಿ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು ಉಳಿಸಿಕೊಂಡು, ಅದರ ಜೊತೆಗೆ ಕೌಶಲ ತರಬೇತಿಯನ್ನೂ ಸ್ಥಳದಲ್ಲೇ ಮಾರ್ಗದರ್ಶನವನ್ನೂ ಸೇರಿಸಿದೆ. ಬೆಟರ್‌ಬರ್ತ್ ಬಿಟ್ಟಿದ್ದ ಕೊಂಡಿಯನ್ನು ಕಾಗದದ ಮೇಲಾದರೂ ಅದು ಕೂಡಿಸಿದೆ ಎನ್ನಬೇಕು.

ಕಾಗದದಿಂದ ಕೊಠಡಿಗೆ ಅದು ಬರುವ ದಾರಿಯಲ್ಲಿ ನನ್ನನ್ನು ಕಾಡುವ ಸಂಗತಿಗಳು ಎರಡು.

ಒಂದು, ಸರಾಸರಿ ಅಂಕದ ಸ್ವಭಾವ. ನೂರಾರು ಅಂಶಗಳ ಪಟ್ಟಿಯಲ್ಲಿ ಸೂಚನಾ ಫಲಕಕ್ಕೂ ಬ್ಯಾಗ್–ಮಾಸ್ಕ್ ಹಿಡಿಯುವ ಕೌಶಲಕ್ಕೂ ಗರಿಷ್ಠ ಎರಡೇ ಅಂಕ. ಮೌಲ್ಯಮಾಪನದ ದಿನ ಹತ್ತಿರವಾದಾಗ ಆಸ್ಪತ್ರೆ ಸಹಜವಾಗಿ ಬೇಗ ಕೈಗೆಟುಕುವ ಅಂಕಗಳ ಕಡೆ ತಿರುಗುತ್ತದೆ: ಬಣ್ಣ, ಫಲಕ, ನೋಂದಣಿ ಪುಸ್ತಕ, ಕಾರ್ಯವಿಧಾನದ (ಎಸ್ಒಪಿ) ಕಡತ. ಎರಡನೇ ಅರಿವಳಿಕೆ ತಜ್ಞರ ಹುದ್ದೆ ತುಂಬುವುದು ಆಸ್ಪತ್ರೆಯ ಮುಖ್ಯಸ್ಥರ ಕೈಯಲ್ಲಿಲ್ಲ, ರಕ್ತ ಸಂಗ್ರಹ ಘಟಕದ ಪರವಾನಗಿಯೂ ಅವರ ಕೈಯಲ್ಲಿಲ್ಲ. ಅವರನ್ನು ದೂರುವುದರಲ್ಲಿ ನ್ಯಾಯವಿಲ್ಲ. ಆದರೆ ಜೀವ ಉಳಿಸುವ ಕೆಲವೇ ಅಂಶಗಳನ್ನು ಬೇರೆ ಎತ್ತಿಟ್ಟು, ಅವುಗಳಲ್ಲಿ ಒಂದಕ್ಕೆ ಸೊನ್ನೆ ಬಂದರೂ ಒಟ್ಟು ಅಂಕ ಎಷ್ಟೇ ಇರಲಿ ಪ್ರಮಾಣಪತ್ರ ತಡೆಯುವ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ, ಆ ಕೊರತೆಯನ್ನು ತುಂಬಬೇಕಾದವರ ಮೇಲೆ, ಅಂದರೆ ಜಿಲ್ಲೆ ಮತ್ತು ರಾಜ್ಯ ಮಟ್ಟದ ಅಧಿಕಾರಿಗಳ ಮೇಲೆ ಒತ್ತಡ ಬೀಳುತ್ತದೆ. ಕೌಶಲವನ್ನು ಬಾಯಿಮಾತಿನಲ್ಲಿ ಕೇಳಿ ಅಂಕ ಕೊಡುವ ಬದಲು, ಆ ಹೊತ್ತಿನ ಪಾಳಿಯಲ್ಲಿರುವ ನರ್ಸ್ ಗೊಂಬೆಯ ಮೇಲೆ ಮಾಡಿ ತೋರಿಸುವುದನ್ನು, ಅದೂ ಮುನ್ಸೂಚನೆಯಿಲ್ಲದೆ ರಾತ್ರಿ ಪಾಳಿಯಲ್ಲಿ ಒಮ್ಮೆ ನೋಡುವುದನ್ನು ಕಡ್ಡಾಯ ಮಾಡಬಹುದು.

ಇದಕ್ಕೆ ಹೊಂದಿಕೊಂಡೇ ಇರುವುದು ತರಬೇತುದಾರರು ಹೋದ ನಂತರದ ಕುಸಿತ. ಎರಡನೇ ತಿಂಗಳಲ್ಲಿ ಶೇ 72.8 ಇದ್ದ ಪಾಲನೆ, ಅವರು ಹೋಗಿ ನಾಲ್ಕು ತಿಂಗಳಾದಾಗ ಹತ್ತು ಅಂಶಕ್ಕೂ ಹೆಚ್ಚು ಕೆಳಗಿಳಿದಿದ್ದದ್ದು ಉತ್ತರ ಪ್ರದೇಶದ ನರ್ಸ್‌ಗಳ ಉದಾಸೀನವೆಂದು ಭಾವಿಸಬಾರದು; ಜೊತೆಗೆ ನಿಂತು ನೋಡುವವರಿಲ್ಲದೆ ಹೋದರೆ ಎಲ್ಲಿಯಾದರೂ ಹೀಗೇ ಆಗುತ್ತದೆ. ನಮ್ಮ ಪ್ರಮಾಣಪತ್ರದ ಅವಧಿ ಮೂರು ವರ್ಷ. ವರ್ಷಕ್ಕೊಮ್ಮೆ ಬರುವ ಪರಿಶೀಲನಾ ತಂಡ ಪಕ್ಕದಲ್ಲಿ ನಿಂತು ಕಲಿಸುವ ಹಿರಿಯ ನರ್ಸ್‌ನ ಜಾಗವನ್ನು ತುಂಬಲಾರದು. ಪ್ರೋತ್ಸಾಹಧನದ ಒಂದು ಭಾಗವನ್ನು ಪ್ರತಿ ತಾಲ್ಲೂಕಿಗೆ ಅಂಥ ಒಬ್ಬರು ಮಾರ್ಗದರ್ಶಿ ನರ್ಸ್‌ನ ಕಾಯಂ ಹುದ್ದೆಗೆ ತಿರುಗಿಸಿದರೆ ಅದು ಪದಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆಂದು ನಾನು ನಂಬಿದ್ದೇನೆ.

ಇನ್ನೊಂದು, ಫಲಿತಾಂಶವನ್ನು ತಿಳಿದುಕೊಳ್ಳುವ ವಿಷಯ. ಎಂಟನೇ ಕ್ಷೇತ್ರಕ್ಕೆ ‘ಫಲಿತಾಂಶ’ ಎಂಬ ಹೆಸರಿದ್ದರೂ ಅಲ್ಲಿ ಹೆಚ್ಚಾಗಿ ಕೇಳುವುದು ಸೂಚ್ಯಂಕಗಳನ್ನು ತಿಂಗಳು ತಿಂಗಳು ಲೆಕ್ಕ ಹಾಕುತ್ತಿದ್ದೀರಾ ಎಂದು. ಆ ಲೆಕ್ಕವೂ ಬಾಣಂತಿ ಆಸ್ಪತ್ರೆಯಲ್ಲಿರುವಷ್ಟು ದಿನದ್ದು. ಮನೆಗೆ ಹೋದ ಐದನೇ ದಿನ ಜ್ವರ ಬಂದು, ನಂಜೇರಿ, ಬೇರೊಂದು ಆಸ್ಪತ್ರೆಗೆ ಸೇರಿದ ತಾಯಿಯ ಸುದ್ದಿ ಹೆರಿಗೆ ಮಾಡಿಸಿದ ನರ್ಸ್‌ಗೆ ತಲುಪುವುದೇ ಇಲ್ಲ. ಬೆಟರ್‌ಬರ್ತ್ ತಂಡ ಫೋನಿನ ಮೂಲಕ ಹಿಡಿದದ್ದು ಈ ಸುದ್ದಿಯನ್ನು.

ಅದಕ್ಕಾಗಿ ಹೊಸ ವ್ಯವಸ್ಥೆಯನ್ನು ಕಟ್ಟಬೇಕಾಗಿಲ್ಲ. ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಡಿ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹೆತ್ತ ಪ್ರತಿ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಮಗುವಿನ ಉಷ್ಣತೆ, ತೂಕ, ಹೊಕ್ಕುಳು, ತಾಯಿಯ ರಕ್ತಸ್ರಾವ, ಜ್ವರ ಎಲ್ಲವನ್ನೂ ನೋಡಿ ನಮೂನೆಯಲ್ಲಿ ಬರೆಯುತ್ತಾರೆ. ಆ ನಮೂನೆ ಪ್ರೋತ್ಸಾಹಧನದ ಲೆಕ್ಕಕ್ಕೆ ಮೇಲಕ್ಕೆ ಹೋಗುತ್ತದೆ. ಹೆರಿಗೆಯಾದ ಆಸ್ಪತ್ರೆಗೆ ಮರಳುವ ದಾರಿ ಅದಕ್ಕಿಲ್ಲ. ಏಳನೇ ದಿನದ ಭೇಟಿಯ ನಾಲ್ಕು ವಿವರಗಳನ್ನು, ಅಂದರೆ ತಾಯಿ ಇದ್ದಾಳೆಯೇ, ಮಗು ಇದೆಯೇ, ಇಬ್ಬರಲ್ಲಿ ಯಾರಾದರೂ ಮತ್ತೆ ಆಸ್ಪತ್ರೆಗೆ ದಾಖಲಾದರೇ, ಆಗಿದ್ದರೆ ಯಾವ ಕಾರಣಕ್ಕೆ ಎಂಬುದನ್ನು, ಆಸ್ಪತ್ರೆಯ ಹೆರಿಗೆ ನೋಂದಣಿ ಪುಸ್ತಕದಲ್ಲಿ ಅದೇ ತಾಯಿಯ ಹೆಸರಿನ ಮುಂದೆ ಬರೆಯುವಂತೆ ಮಾಡಿ, ಮಾನ್ಯತೆಯ ಮೌಲ್ಯಮಾಪಕರು ಆ ಪುಟವನ್ನು ತೆಗೆಸಿ ನೋಡುವಂತಾಗಲಿ.